ಐಸ್ ಪೆಟ್ಟಿಗೆಯ ಲೈನು

ಮಾವ ಹೊನ್ನೂರುಸ್ವಾಮಿ ಸ್ಟೂಲ್ ಹತ್ತಿ, ಬೋರ್ಡಿನಲ್ಲಿ ಸುಟ್ಟುಹೋದ ಎಂಸಿಬಿ ಸ್ವಿಚ್ಚನ್ನು ಇಕ್ಕಳದಿಂದ ಜಗ್ಗುತ್ತಿದ್ದ. ಪಲ್ಲವಿ ತೀರಿಕೊಂಡ ಅಪ್ಪ ಪಕ್ಕೀರಪ್ಪನ ತಲೆಯ ಬಳಿ ಕುಳಿತಿದ್ದಳು. ಬೆಳಗಿನಿಂದ ಅವಳಿಗೆ ಒಂದೇ ಅಳುಕು: ತಾನಿನ್ನೂ ಅತ್ತಿಲ್ಲ, ಯಾರಾದರೂ ಗಮನಿಸಿರಬಹುದೇ?

ಹೆಣವಿಟ್ಟ ಐಸ್ ಪೆಟ್ಟಿಗೆ ಕರೆಂಟಿಲ್ಲದೆ ನಿಂತು ಕಾಲು ತಾಸಾಗಿತ್ತು. ಅಕ್ಕ ಸೌಜನ್ಯ ಕಲಬುರಗಿಯಿಂದ ಬಂದು ಮುಖ ನೋಡಲು ಇನ್ನೂ ನಾಲ್ಕು ತಾಸು. ಚಿತ್ತವಾಡ್ಗಿ ಓಣಿಯ ತಗಡಿನ ಸೂರುಗಳು ಆಗಲೇ ಕಾದಿದ್ದವು.

"ಎಲೆಕ್ಟ್ರಿಷಿಯನ್ ಮನ್ಯಾಗ ಕರೆಂಟ್ ಹೋಗಬೇಕೇನ್ಲೇ," ಹೊರಗೆ ಯಾರೋ ಅಂದರು. "ಪಕ್ಕೀರಪ್ಪನ್ನ ಎಬ್ಬಸ್ರಿ!"

"ಮಾವಾ, ಬ್ಯಾಡ." ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಎದ್ದು ಹೋಗಿ ಅವನ ಅಂಗಿ ಹಿಡಿದಳು. "ಮೇನ್ ಸ್ವಿಚ್ ಇಳಿಸಿಲ್ಲ ಮಾವಾ."

"ಇಳಿಯೋ ಹೊನ್ನೂರ," ಎಂದಳು ಪಕ್ಕದ ಮನೆಯ ಯಮನಮ್ಮ. "ಇವತ್ತಿಗೆ ಒಂದ ಹೆಣ ಸಾಕು."

*

ಎರಡು ವರ್ಷದ ಹಿಂದೆ, ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನ ಒಂದು ಮನೆಯಲ್ಲಿ ಅಪ್ಪನ ಸ್ಕ್ರೂಡ್ರೈವರ್ ಮೂರು ಸಲ ಜಾರಿತು. ಕೈ ನಡುಗುತ್ತಿತ್ತು. ಮನೆಯಾಕೆ ಚಹಾ ತರಲು ಹೋದಾಗ ಸ್ಕ್ರೂಡ್ರೈವರನ್ನು ಪಲ್ಲವಿಗೆ ಕೊಟ್ಟ; ಹೆಜ್ಜೆ ಸಪ್ಪಳ ಕೇಳಿ ಮತ್ತೆ ಇಸಕೊಂಡ.

"ಮಗಳೂ ಕೆಲಸ ಕಲೀತಾಳೇನ್ರಿ?"

"ಇಲ್ರೀ. ಡಿಗ್ರಿ ಓದ್ಯಾಳ. ಬರೇ ಚೀಲ ಹಿಡ್ಯಾಕ ಬಂದಾಳ."

ಅಂದಿನಿಂದ ಪ್ರತಿ ಮನೆಯಲ್ಲೂ ಹಾಗೆಯೇ. ಇದು ಮಗಳ ಕೆಲಸವೆಂದು ಇವತ್ತಾದರೂ ಅಪ್ಪ ನಾಲ್ಕು ಜನರ ಮುಂದೆ ಹೇಳುತ್ತಾನೆ ಎಂದು ಡೈರಿಯಲ್ಲಿ ಬರೆದಿಟ್ಟು ಹೊರಡುತ್ತಿದ್ದಳು. ಸಂಜೆ ಅದರ ಕೆಳಗೆ ಬರೆಯಲು ಏನೂ ಇರುತ್ತಿರಲಿಲ್ಲ.

*

ಹೊನ್ನೂರುಸ್ವಾಮಿ ಇಳಿದ ಮೇಲೆ ಪಲ್ಲವಿ ಸ್ಟೂಲ್ ಹತ್ತಿ ಮೇನ್ ಇಳಿಸಿದಳು. ಟೆಸ್ಟರನ್ನು ಮೊದಲು ಮೇನ್‌ಗೆ ಬರುವ ವೈರಿಗೆ ತಾಗಿಸಿದಳು, ಅದರ ದೀಪ ಹತ್ತಿತು. ಅಲ್ಲಿ ಕರೆಂಟು ಯಾವಾಗಲೂ ಇರುತ್ತದೆ, ಟೆಸ್ಟರ್ ಸರಿಯಿದೆ. ಆಮೇಲೆ ಎಂಸಿಬಿಯ ಎರಡೂ ಕಡೆ, ಹತ್ತಲಿಲ್ಲ. ಸ್ಕ್ರೂ ಸಡಿಲಿಸಿ ವೈರು ಬಿಡಿಸಿ, ಕೆಳಗಿನ ಕ್ಲಿಪ್ ಮೀಟಿದಾಗ ಸುಟ್ಟ ಡಬ್ಬಿ ಸಲೀಸಾಗಿ ಕೈಗೆ ಬಂತು. ಕಪ್ಪಾದ ವೈರಿನ ತುದಿ ಕತ್ತರಿಸಿ, ಅಪ್ಪನ ಚೀಲದಲ್ಲಿದ್ದ ಅದೇ ಅಳತೆಯ ಹೊಸ ಎಂಸಿಬಿ ಕೂರಿಸಿ, ವೈರು ಬಿಗಿದು, ಮೇನ್ ಎತ್ತಿದಳು.

ಪೆಟ್ಟಿಗೆ ಗುಂಯ್ ಎಂದಿತು.

"ನೋಡಿ ನೋಡಿ ಕಲ್ತಾಳ, ಪಾಪ," ಎಂದಳು ಯಮನಮ್ಮ ಸೆರಗಿನಿಂದ ಮೂಗು ಒರೆಸುತ್ತ. "ಹೋದ ತಿಂಗಳ ನಮ್ಮ ಬೋರ್ಡ್ ಹಾಕಿದ್ದ ಪಕ್ಕೀರಪ್ಪ. ನಮ್ಮನ್ನೆಲ್ಲ ಹೊರಗ ಕಳಿಸಿ, ಏನು ಚಂದ ಕುಂದ್ರಿಸ್ಯಾನ! ಅಂಥಾ ಕೈ ಇನ್ನೆಲ್ಲಿ ಬರಬೇಕು?"

ಪೆಟ್ಟಿಗೆಯ ಗಾಜಿನ ಮೇಲೆ ತೆಳ್ಳಗೆ ತೇವ ಕಟ್ಟತೊಡಗಿತ್ತು. ಪಲ್ಲವಿ ಇಳಿದು ಬಂದು ಅದನ್ನು ಅಂಗೈಯಿಂದ ಒರೆಸಿ, ಅಪ್ಪನ ಮುಖ ನೋಡಿದಳು.

"ಅದನ್ನ ಹಾಕಿದ್ದು ನಾನು, ಯಮನಕ್ಕಾ," ಎಂದಳು. ಬಾಗಿಲಾಚೆಗಿನವರೂ ತಿರುಗಿದರು. "ಅಪ್ಪ ಎರಡೂ ಕೈಲೆ ಟಾರ್ಚ್ ಹಿಡ್ಕೊಂಡಿದ್ದ."