ಪಾಳಿ ಬದಲಾಗುವ ಹತ್ತು ನಿಮಿಷ

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳ ಮೇಲೆ ದಗಡೂನದು ಹಗಲು ಪಾಳಿ. ಅವೇ ಮಗ್ಗಗಳ ಮೇಲೆ ರಾತ್ರಿ ಪಾಳಿ ಇಲಾಹಿಯದು. ಎರಡು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಇಲಾಹಿ ಮುಂದಿನ ಬಾಗಿಲಲ್ಲಿ ಬಂದರೆ ದಗಡೂ ಹಿಂದಿನ ಬಾಗಿಲಲ್ಲಿ ಹೊರಡುವನು. ಬಟ್ಟೆಯಲ್ಲಿ ಮಾತ್ರ ದಿನಾ ಅಡ್ಡಪಟ್ಟೆ ಬಿದ್ದು ಮಾಲು ಕೆಡುತ್ತಿತ್ತು. ಸಾಕಾಗಿ ಶೆಡ್ಡಿನ ಮೇಲ್ವಿಚಾರಕ ಮುಕಾದಮ ಹೇಳಿಬಿಟ್ಟ: "ಶನಿವಾರದೊಳಗ ಸರಿ ಆಗ್ಲಿಲ್ಲಂದ್ರ ಇಬ್ಬರೊಳಗ ಒಬ್ಬರನ್ನ ಮನಿಗೆ ಕಳಸ್ತೀನಿ."

ಮಧ್ಯಾಹ್ನ ದಗಡೂ ಭಾಕರಿ ರೊಟ್ಟಿಯ ಗಂಟು ಬದಿಗಿಟ್ಟು ಎದ್ದ. ಬಟ್ಟೆ ತಪಾಸಣೆ ಮಾಡುವ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಅನುಸಯಾ ಮಾವಶಿಯ ಮುಂದೆ ಗೋಳು ತೋಡಿಕೊಂಡ.

"ಮಾವಶೀ, ಅವಾ ಬೇಕಂತನ ಮಾಡ್ತಾನ. ನೂಲು ಬಿಗಿ ಮಾಡೋ ಭಾರ ನಾ ಕಮ್ಮಿ ಮಾಡಿಟ್ರ, ಬೆಳಿಗ್ಗೆ ಅಷ್ಟೂ ಏರಿಸಿರ್ತಾನ! ನನ್ನ ಹೊಟ್ಟಿ ಮ್ಯಾಲ ಹೊಡಿಯಾಕತ್ತಾನ."

"ಅವನ್ನ ಕೇಳೀಯೇನು?"

"ನಾ ಯಾಕ ಕೇಳ್ಲಿ? ಮುಕಾದಮಗ ಹೇಳೀನಿ, ಪಾನಪಟ್ಟಿ ಅಂಗಡ್ಯಾಗ ಹೇಳೀನಿ..."

"ಊರಿಗೆಲ್ಲಾ ಹೇಳೀದಿ, ಅವನೊಬ್ಬನ್ನ ಬಿಟ್ಟು. ಭಾಳ ಶಾಣ್ಯಾ ಇದ್ದಿ ಬಿಡು!" ಮಾವಶಿ ನಕ್ಕು, ಮುಂದಿದ್ದ ಬಟ್ಟೆ ಹರವಿದಳು. "ಇಲ್ನೋಡು, ಇದು ನೀ ಹಗಲು ನೇಯ್ದದ್ದು. ಒಂದು ತಪ್ಪಿಲ್ಲ. ಇದು ಅವಾ ರಾತ್ರಿ ನೇಯ್ದದ್ದು. ಇದ್ರಾಗೂ ತಪ್ಪಿಲ್ಲ. ಪಟ್ಟಿ ಬಿದ್ದದ್ದು ಎಲ್ಲಿ? ಪಾಳಿ ಬದಲಾಗೋ ಜಾಗಾದಾಗ."

ದಗಡೂ ಬಟ್ಟೆಯ ಮೇಲೆ ಕೈಯಾಡಿಸಿದ. ಇಲಾಹಿಯ ನೇಯ್ಗೆ ಇಷ್ಟು ಚೊಕ್ಕವಾಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು.

"ಹೋಗಿ ಏನಂತ ಕೇಳ್ಲಿ?"

"'ನೀ ಕೆಡಿಸ್ದಿ' ಅನಬ್ಯಾಡ. ಅವನ ಮನಿ, ಮಂದಿ ಯಾರನ್ನೂ ನಡುವ ತರಬ್ಯಾಡ. 'ಬೆಳಿಗ್ಗೆ ನನಗ ಹಿಂಗ ತ್ರಾಸ ಆಗ್ತೈತಿ, ನಿನಗ ಹೆಂಗ?' ಅಂತ ಕೇಳು. ಕೇಳಿ ಸುಮ್ಮನಿರು. ಅವಾ ಹೇಳೋದು ಮುಗೀಲಿ."

ಸಂಜೆ ದಗಡೂ ಮಗ್ಗದ ಹತ್ತಿರವೇ ನಿಂತು ಹಾಗೆಯೇ ಕೇಳಿದ. ಇಲಾಹಿ ಮೊದಲು ದುರುಗುಟ್ಟಿ ನೋಡಿದ, ಆಮೇಲೆ ಬಾಯಿಬಿಟ್ಟ: "ರಾತ್ರಿ ಥಂಡಿಗೆ ನೂಲು ಸಡಲ ಬೀಳ್ತೈತೋ ಮಾರಾಯಾ. ಭಾರ ಏರಿಸ್ಲಿಲ್ಲಂದ್ರ ನೇಯಾಕ ಬರಂಗಿಲ್ಲ. ನೀ ಯಾಕ ದಿನಾ ಇಳಸ್ತಿ? ನನ್ನ ಮ್ಯಾಲಿನ ಸಿಟ್ಟಿಗೆ ಅಂದ್ಕೊಂಡಿದ್ದೆ."

"ಹಗಲು ಬಿಸಿಲಿಗೆ ಒಣಗಿ ಪಟಪಟ ಹರೀತೈತಲ್ಲೋ!"

ಅಂದಿನಿಂದ ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಜೊತೆಗೆ ನಿಂತು, ಭಾರವನ್ನು ಒಮ್ಮೆಲೇ ಏರಿಸಿ ಇಳಿಸದೆ ಸ್ವಲ್ಪ ಸ್ವಲ್ಪವೇ ಸರಿಮಾಡತೊಡಗಿದರು. ಯಾವ ಎಳೆ ಹರಿದಿದೆಯೆಂದು ಹೇಳಿ ಹೋಗತೊಡಗಿದರು. ಶನಿವಾರ ಮಾವಶಿ ಬಟ್ಟೆ ಹರವಿದಾಗ ಪಾಳಿ ಎಲ್ಲಿ ಬದಲಾಯಿತೆಂದು ಅವಳಿಗೂ ಗುರುತು ಸಿಗಲಿಲ್ಲ. ಇಬ್ಬರೂ ಕೆಲಸದಲ್ಲಿ ಉಳಿದರು.

ಅಣ್ಣಂದಿರೇ, ಅಕ್ಕಂದಿರೇ, ಜೊತೆಗೆ ದುಡಿಯುವವರ ಮೇಲೆ ನಿಮಗೂ ಮುನಿಸಿದೆಯೇ? ಊರಿಗೆಲ್ಲ ಹೇಳುವ ಮೊದಲು ಅವರನ್ನೇ ಕೇಳಿ. ಬೆದರಿಕೆ, ಹೊಡೆತ ನಡೆದಿದ್ದರೆ ಮಾತ್ರ ಒಬ್ಬರೇ ಎದುರಾಗಬೇಡಿ, ಹಿರಿಯರನ್ನೋ ಸಂಘದವರನ್ನೋ ಕರೆದುಕೊಂಡು ಹೋಗಿ. ಉಳಿದ ಜಗಳಕ್ಕೆ ಇವತ್ತೇ ಹತ್ತು ನಿಮಿಷ ಕೊಡಿ. ದಗಡೂ ಎರಡು ತಿಂಗಳು ತಡಮಾಡಿದ, ನೀವು ಮಾಡಬೇಡಿ.