ಏಳು ಪೆಟ್ಟಿಗೆ, ಒಂದೇ ಕರುಳು

ಒಂದಾನೊಂದು ಊರಿನಲ್ಲಿ ಏಳು ಬಣ್ಣದ ಏಳು ತಗಡಿನ ಪೆಟ್ಟಿಗೆಗಳಿದ್ದವು. ಹೊರಗಿನಿಂದ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲ. ಒಳಗೆ ಏಳಕ್ಕೂ ಒಂದೇ ಕರುಳು. ಅವುಗಳಲ್ಲಿ ಹಸಿರು ಪೆಟ್ಟಿಗೆ ನಾನು. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂತು ಕಾಲಿನಿಂದ ತುಳಿಸಿಕೊಳ್ಳುವ ಪೆಡಲ್. ತುಳಿದರೆ ನನ್ನ ಬಾಯಿ ತೆರೆಯುತ್ತದೆ. ತಂತಿಯ ದನಿ ಒರಟಾಗಿ, ಉದ್ದವಾಗಿ, ಮನುಷ್ಯರ ಕೊರಳಿನ ಹಾಗೆ ಎಳೆದುಕೊಂಡು ಹೋಗುತ್ತದೆ. ಮತ್ತೆ ತುಳಿದರೆ ಬಾಯಿ ಮುಚ್ಚುತ್ತದೆ.

ಆ ಊರು ಗದಗ. ನನ್ನನ್ನು ಮಾಡಿದವರು ರೇಡಿಯೋ ರಿಪೇರಿಯ ಮಕ್ತುಮಸಾಬರು. ಯಾವನೋ ಆರ್ಕೆಸ್ಟ್ರಾದವನು ತಂದುಕೊಟ್ಟ ವಿದೇಶಿ ಪೆಡಲನ್ನು ಬಿಚ್ಚಿದಾಗ ಅವರಿಗೆ ನಗು ಬಂತಂತೆ. ಎಂಟು ಕಾಲಿನ ಒಂದು ಚಿಪ್, ತಲೆಕೆಳಗಾಗಿ ಜೋಡಿ ಮಲಗಿದ ಎರಡು ಡಯೋಡು, ಒಂದಿಷ್ಟು ಕೆಪಾಸಿಟರು. ಹಿಂದೆ ಬಿಚ್ಚಿದ್ದ ಬೇರೆ ಕಂಪನಿಯ ಪೆಡಲಿನಲ್ಲೂ ಅದೇ ಇತ್ತು. ಎಲ್ಲರೂ ಹಳೆಯದೊಂದು ಸರ್ಕ್ಯೂಟಿಗೆ ಹೊಸ ಬಣ್ಣ ಬಳಿದು ಹೊಸ ಹೆಸರಿಡುತ್ತಿದ್ದರು. ಸಾಬರೂ ಏಳು ಮಾಡಿದರು. ಮಾರುವ ಆರರೊಳಗೆ ಯಾರೂ ಇಣುಕಬಾರದೆಂದು ಕರಿ ಅಂಟು ಸುರಿದರು. ಅಂಟು ಕಲ್ಲಾಗುವಾಗ ಮೈಯೆಲ್ಲ ಸುಡುತ್ತಿತ್ತು. ಆಮೇಲೆ ಕತ್ತಲೆ. ಹುಟ್ಟಿದ ದಿನವೇ ನನ್ನನ್ನು ಹೂಳಿದಂತಾಯಿತು.

ನನ್ನನ್ನು ಕೊಂಡವನು ಬೆಟಗೇರಿಯ ದೇವಪ್ರಿಯ, ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತ ಹಾಡುವವನು. ಇದು ನಿಮಗಾಗಿಯೇ ಮಾಡಿದ್ದು, ಇಂಥದ್ದು ಇನ್ನೊಂದಿಲ್ಲ ಎಂದು ಸಾಬರು ಹೇಳಿದ್ದನ್ನು ಅವನು ನಂಬಿದ. ಊರೆಲ್ಲ ಹೇಳಿಕೊಂಡು ತಿರುಗಿದ. ನನ್ನ ಅಣ್ಣತಮ್ಮಂದಿರೂ ಅದೇ ಮಾತಿನ ಜೊತೆಗೆ ಬೇರೆ ಬೇರೆ ಊರು ಸೇರಿದರು. ಕೆಂಪು ಪೆಟ್ಟಿಗೆಯೊಂದನ್ನು ಸಾಬರು ತಮಗೆಂದು ಇಟ್ಟುಕೊಂಡರು.

ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ದೇವಪ್ರಿಯ ಮಗಳು ಕರುಣಾಳಿಗೆ ಮಾತು ಕೊಟ್ಟಿದ್ದ: ನಿನ್ನ ಮದುವೆಯಲ್ಲಿ ನಿಮ್ಮವ್ವನ ಜೋಗುಳವನ್ನು ನಾನು ಹಾಡುತ್ತೇನೆ. ಮದುವೆ ಗೊತ್ತಾಗುವ ಹೊತ್ತಿಗೆ ಅವನ ಗಂಟಲಿಗೆ ಕ್ಯಾನ್ಸರು ಬಂದಿತ್ತು. ಆಪರೇಷನ್ ಆಗಿ ಕೊರಳಲ್ಲಿ ತೂತು ಉಳಿಯಿತು, ಸ್ವರ ಹೋಯಿತು. ಸ್ವಲ್ಪ ಕಾಲದಲ್ಲೇ ಗಡ್ಡೆ ಮತ್ತೆ ಎದ್ದಿತು. ಬೂದಿ ಬುಧವಾರದಿಂದ ಈಸ್ಟರ್ ತನಕದ ಉಪವಾಸ ಕಾಲದಲ್ಲಿ ಅವರ ಚರ್ಚಿನಲ್ಲಿ ಮದುವೆ ಮಾಡುವುದಿಲ್ಲ. ಈಸ್ಟರ್ ತನಕ ಅವನಿರುವುದಿಲ್ಲ ಎಂದರು ಡಾಕ್ಟರು. ಹಾಗಾಗಿ ಮದುವೆಯನ್ನು ಬೂದಿ ಬುಧವಾರದ ಹಿಂದಿನ ಸೋಮವಾರಕ್ಕೆ ಇಟ್ಟುಕೊಂಡರು.

ಅವನು ಹಾಸಿಗೆಯ ಅಂಚಿನಲ್ಲಿ ಕೂತು ಜೋಗುಳವನ್ನು ತಂತಿಯ ಮೇಲೆ ಹುಡುಕತೊಡಗಿದ. ಬರೀ ಗಿಟಾರು ಟಿಣ್ ಎಂದು ಅಲ್ಲಿಗೇ ಸತ್ತುಹೋಗುತ್ತಿತ್ತು. ನನ್ನನ್ನು ತುಳಿದಾಗ ಮಾತ್ರ ದನಿ ಎಳೆಯಿತು, ನಡುಗಿತು, ಹಾಡಿತು. ಅವನ ಕೊರಳು ಈಗ ನಾನೇ ಎಂದು ಬೀಗಿದೆ.

ಮದುವೆಯ ಹಿಂದಿನ ದಿನ ಬ್ಯಾಟರಿ ಇಳಿದುಹೋಯಿತು. ಅಪ್ಪನ ಅಭ್ಯಾಸ ನಿಲ್ಲದಿರಲೆಂದು ಕರುಣಾ ಕೀಬೋರ್ಡಿನ ಅಡಾಪ್ಟರು ತಂದು ಚುಚ್ಚಿದಳು. ಪಿನ್ನು ಸರಿಯಾಗಿಯೇ ಕೂತಿತು. ಆದರೆ ನಮ್ಮ ಪೆಡಲುಗಳಲ್ಲಿ ಪಿನ್ನಿನ ನಡುವೆ ಮೈನಸ್ಸು. ಆ ಅಡಾಪ್ಟರಿನಲ್ಲಿ ನಡುವೆ ಪ್ಲಸ್ಸು. ಕರೆಂಟು ಉಲ್ಟಾ ಹರಿದು ನನ್ನ ಚಿಪ್ ಅಂಟಿನೊಳಗೇ ಸುಟ್ಟುಹೋಯಿತು. ಹೊಗೆಗೂ ಹೊರಗೆ ಬರಲು ದಾರಿಯಿರಲಿಲ್ಲ.

ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಗದಗಕ್ಕೆ ಓಡಿದಳು. ಸಾಬರು ತಳ ಬಿಚ್ಚಿ ನೋಡಿ ನಿಟ್ಟುಸಿರುಬಿಟ್ಟರು.

"ಯಾರಿಗೂ ಬಿಚ್ಚಾಕ ಬರಬಾರದಂತ ನಾನ ಅಂಟ ಹಾಕಿದ್ನೆವ್ವಾ. ಈಗ ನೋಡು, ನನಗೂ ಬರವಲ್ದು."

"ನಾನ ಸುಟ್ಟೀನ್ರಿ ಕಾಕಾ ಇದನ್ನ. ನಾಳೆ ಮದಿವಿ. ಅಪ್ಪ ಏನ ನುಡಸಬೇಕು?"

ಅವರು ಕಪಾಟಿನಿಂದ ಕೆಂಪು ಪೆಟ್ಟಿಗೆ ತೆಗೆದಿಟ್ಟರು. "ಇದರ ಹೊಟ್ಟ್ಯಾಗೂ ಅದ ಐತಿ. ಏಳಕ್ಕೂ ಒಂದ."

ಕರುಣಾ ಕೆಂಪು ಪೆಟ್ಟಿಗೆಯನ್ನು ಅವರ ಕಡೆಗೇ ಸರಿಸಿದಳು. "ಕೆಂಪಂದ ಒಯ್ದರ ಅಪ್ಪ ಮುಟ್ಟೂದಿಲ್ರಿ. ಏಳೂ ಒಂದ ಅಂತ ಅವಗ ಗೊತ್ತಾಗಬಾರದು" ಎಂದಳು.

"ಹಂಗಾರ ಹಸರಂದ ಒಯ್ಯಿ."

ಅವರು ಉಳಿಗೆ ಸುತ್ತಿಗೆ ಹಚ್ಚಿ ನನ್ನೊಳಗಿನ ಕರಿ ಗಟ್ಟಿಯನ್ನು ಕಿತ್ತು ತೆಗೆದರು. ಅದು ಕಸದ ಡಬ್ಬಿಯಲ್ಲಿ ತುಂಡು ತಂತಿಗಳ ಮೇಲೆ ಬಿತ್ತು. ತಮ್ಮದೆಂದು ಕೆಂಪಿಗೆ ಅಂಟು ಹಾಕಿರಲಿಲ್ಲ. ಅದರ ಕರುಳು ಸಲೀಸಾಗಿ ಈಚೆ ಬಂತು, ನನ್ನ ಹಸಿರು ತಗಡಿನೊಳಗೆ ಕೂತಿತು. ಸದ್ದಿಲ್ಲದೆ ಸತ್ತ ತಮ್ಮ. ಅಜ್ಜಿಯರ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದೆ. ನನ್ನದು ಪಕ್ಕದ ಕಪಾಟಿನಲ್ಲಿತ್ತು. ಸೀಸದ ಬೆಸುಗೆ ತಾಗಿದಾಗ ಎಚ್ಚರವಾಯಿತು. ಆದರೆ ಎಚ್ಚರವಾದದ್ದು ಯಾರಿಗೆ? ನಾನೆಂದರೆ ಕಸಕ್ಕೆ ಬಿದ್ದದ್ದೋ, ಒಳಗೆ ಬಂದದ್ದೋ, ಈ ಹಸಿರು ತಗಡೋ? ಇವತ್ತಿಗೂ ಬಗೆಹರಿದಿಲ್ಲ.

ಸೋಮವಾರ ಚರ್ಚಿನ ಹಾಲಿನಲ್ಲಿ ಪಾದ್ರಿ ಅಯ್ಯನವರ ಪ್ರಾರ್ಥನೆ ಮುಗಿಯಿತು. ದೇವಪ್ರಿಯನನ್ನು ಇಬ್ಬರು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ಕೊರಳಿನ ಬಟ್ಟೆ ಒದ್ದೆಯಾಗಿತ್ತು. ಅವನ ಪಾದ ನನ್ನ ಮೇಲೆ ಬಂತು. ಎಷ್ಟೊಂದು ಹಗುರವಾಗಿತ್ತೆಂದರೆ ಗುಂಡಿ ಒತ್ತಿಸಲು ಕರುಣಾ ಅದರ ಮೇಲೆ ಕೈಯಿಟ್ಟಳು. ಮೊದಲ ಸ್ವರಕ್ಕೇ ಅವನು ತಡೆದು ನನ್ನನ್ನು ನೋಡಿದ. ಗುರುತು ಸಿಗಲಿಲ್ಲವೇನೋ ಎಂದು ಹೆದರಿದೆ. ಮತ್ತೆ ಬೆರಳು ಆಡಿತು. ಮೂರನೆಯ ಸಾಲಿನಲ್ಲಿ ಕೈ ಜಾರಿತು. ಯಾರೋ ಕೆಮ್ಮಿದರು. ಅವನು ಬಿಡಲಿಲ್ಲ; ಸಾಲನ್ನು ಮೊದಲಿನಿಂದ ಹಿಡಿದ. ಬಿಳಿ ಸೀರೆಯ ಕರುಣಾ ನೆಲದ ಮೇಲೆ ಕೂತು, ತೂಗಿಸಿಕೊಂಡ ಕೂಸಿನಂತೆ ಕಣ್ಣು ಮುಚ್ಚಿದ್ದಳು.

ಕೊನೆಯ ಸ್ವರವನ್ನು ನಾನು ಎಷ್ಟು ಎಳೆಯಬಹುದೋ ಅಷ್ಟು ಎಳೆದೆ. ಅದು ತಾನಾಗಿ ಸಾಯುವ ತನಕ ಅವನು ಕಾದ. ಆಮೇಲೆ ಮಗಳ ಕೈಯನ್ನು ಸರಿಸಿ, ತನ್ನದೇ ಕಾಲಿನಿಂದ ಒತ್ತಿ, ನನ್ನ ಬಾಯಿ ಮುಚ್ಚಿದ.