ಹಿಂದಿನ ಸಾಲಿನವರು

ಕಲ್ಲು ಪಾಲಿಶ್ ಮಾಡುವ ನಮ್ಮ ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಹಿಂದೆ ಒಂದು ಫೋಟೋ ತೆಗೆಸಿದ್ದರು. ಮುಂದೆ ಕುರ್ಚಿಗಳಲ್ಲಿ ಆಫೀಸಿನ ಒಂಬತ್ತು ಜನ. ಹಿಂದೆ ಬೆಂಚು ಹತ್ತಿ ನಿಂತ ಶೆಡ್ಡಿನ ಇಪ್ಪತ್ತಾರು ಜನ, ಮೂಲೆಯಲ್ಲಿ ಗೇಟು ಕಾಯುವ ನಾನು. ಅದೇ ಜನರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ತೆಗೆಸುತ್ತಾರಂತೆ, ಬಾ ಎಂದು ಹೇಳಿಕಳಿಸಿದರು.

ನನಗೇನು ಫೋಟೋದ ಹುಚ್ಚಿಲ್ಲ. ಅಳಿಯ ಕೆಲಸವಿಲ್ಲದೆ ಕೂತಿದ್ದ. ದೊಡ್ಡ ಸಾಹೇಬರ ಮಗನೇ ಈಗ ಯಜಮಾನ. ಸಾಹೇಬರು ಒಂದು ಮಾತು ಹಾಕಿದರೆ ಅಳಿಯ ಶೆಡ್ಡಿಗೆ ಸೇರಿದಂತೆಯೇ. ಹೊರಡುವಾಗ ಮಗಳು ನನ್ನ ಅಂಗಿಯ ಗುಂಡಿ ಹಾಕುತ್ತ, "ಅಪ್ಪಾ, ಅಲ್ಲೂ ಬಾಯಿಗೆ ಬೀಗ ಹಾಕ್ಕೊಂಡು ನಿಲ್ಬೇಡ. ಕೇಳು" ಎಂದಳು.

ಹೋದವನೇ ಕೇಳಿದೆ. ಸಾಹೇಬರಿಗೆ ಎಂಬತ್ತೆರಡು. ಕೈಗೆ ಕೋಲು ಬಂದಿದೆ, ನಗು ಹಾಗೇ ಇದೆ.

"ಏನೋ ಗೇಟು, ಇನ್ನೂ ಗಟ್ಟಿಯಾಗಿದ್ದೀಯಲ್ಲ! ಅಳಿಯನ್ನ ಸೋಮವಾರ ಕಳ್ಸು. ಮೊದ್ಲು ಫೋಟೋ ಆಗ್ಲಿ."

ಅಕೌಂಟೆಂಟ್, ಸ್ಟೋರಿನವರು, ಟೈಪಿಸ್ಟಮ್ಮ ಎಲ್ಲ ಬಂದರು.

"ರೀ, ನಿಮ್ಮ ಕೂದಲೆಲ್ಲಿ?"

"ನಿಮ್ಮ ಹಲ್ಲಿನ ಜೊತೆ ಓಡಿಹೋಯ್ತು!"

ನಗಾಡುತ್ತ ಕೂತರು. ಒಂಬತ್ತು ಕುರ್ಚಿಯಲ್ಲಿ ಎಂಟು ತುಂಬಿದವು. ನಾನು ಬೆಂಚು ಹತ್ತಿ ನನ್ನ ಮೂಲೆಯಲ್ಲಿ ನಿಂತೆ.

ಫೋಟೋದವನು ಕ್ಯಾಮೆರಾದಿಂದ ತಲೆಯೆತ್ತಿದ. "ಅಜ್ಜಾ, ಹಿಂದಿನ ಸಾಲಿನವರನ್ನ ಕರೀರಿ. ಬೆಳಕು ಹೋಗುತ್ತೆ."

ತಿರುಗಿದೆ. ಉದ್ದಕ್ಕೂ ಬರೀ ಹಲಗೆ.

ನನ್ನ ಪಕ್ಕ ನಿಂತಿದ್ದವನು ಡುಮ್ಮ. ಆಮೇಲೆ ಅಣ್ಣತಮ್ಮಂದಿರಿಬ್ಬರು. ಆಮೇಲೆ ಸಿಳ್ಳೆ ಅಂತ ನಾವು ಕರೆಯುತ್ತಿದ್ದವನು, ಕೊನೆಕೊನೆಗೆ ಅವನಿಗೆ ದೀಪ ಆರಿಸುವಷ್ಟೂ ಉಸಿರಿರಲಿಲ್ಲ. ಎಲ್ಲರೂ ಆಗ ಮೂವತ್ತರ ಆಸುಪಾಸಿನವರು. ಐವತ್ತೈದು ಕಂಡವನು ಒಬ್ಬನೂ ಇಲ್ಲ. ಇಪ್ಪತ್ತಾರು ಜನರ ಮಣ್ಣಿಗೂ ನಾನು ಹೋಗಿದ್ದೆ. ಒಬ್ಬನದು ಕೆಮ್ಮು, ಒಬ್ಬನದು ಎದೆನೋವು, ಒಬ್ಬನದು ಹಣೆಬರಹ ಅಂದುಕೊಂಡು ಮನೆಗೆ ಬಂದಿದ್ದೆ. ಎಲ್ಲರನ್ನೂ ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ. ಕುರ್ಚಿಯವರೋ ಆಗಲೇ ನಮಗಿಂತ ಹಿರಿಯರು!

ಶೆಡ್ಡಿನ ಬಾಗಿಲಿನಿಂದ ಅದೇ ಬಿಳಿ ಧೂಳು ಬರುತ್ತಿತ್ತು.

"ಯಾರೂ ಬರಲ್ಲಪ್ಪ, ತೆಗಿ" ಎಂದೆ.

ಫೋಟೋ ಆಯಿತು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. "ನಿನ್ನ ಅಳಿಯನ ಹೆಸರೇನೋ?"

"ಬೇಡ ಸಾರ್."

"ಈಗಿನ್ನೂ ಕೇಳ್ದೆ! ಯಾಕೋ?"

"ಎತ್ತರದ ಆಳು ಅವನು. ಹಿಂದಿನ ಸಾಲಿಗೇ ನಿಲ್ಲಿಸ್ತೀರಿ."

ಸಾಹೇಬರು ಕೋಲೂರಿ ಹಿಂದಕ್ಕೆ ತಿರುಗಿದರು. ಬೆಂಚು ನೋಡಿದರು. ನಗು ಎಲ್ಲಿ ಹೋಯಿತೋ. ಪೆನ್ನಿನ ಮುಚ್ಚಳ ತೆರೆದೇ ಇತ್ತು.

ಮಗಳಿಗೆ ಏನು ಹೇಳಬೇಕೋ ತಿಳಿಯದೆ ನಾನು ಗೇಟು ದಾಟಿದೆ.